ಬಲ್ಮಠದ ಹೀಬ್ರೂ ಪಾಠ

ಪುಸ್ತಕವನ್ನು ನಾವು ಹಿಂಬದಿ ಎನ್ನುವ ಕಡೆಯಿಂದ ತೆರೆಯಬೇಕು. ಸಾಲು ಬಲದಿಂದ ಎಡಕ್ಕೆ ಓಡುತ್ತದೆ. ಅಕ್ಷರಗಳು ಇಪ್ಪತ್ತೆರಡೇ, ಎಲ್ಲವೂ ವ್ಯಂಜನ. ನಮ್ಮ ಕಾಗುಣಿತದಿಂದ ತಲಕಟ್ಟು, ಗುಡಿಸು, ಕೊಂಬುಗಳನ್ನೆಲ್ಲ ಕಿತ್ತುಹಾಕಿ ಬರೀ ಮೈ ಉಳಿಸಿದರೆ ಹೇಗಿರುತ್ತದೋ ಹಾಗೆ. ಸಾವಿರ ವರ್ಷಕ್ಕೂ ಹಿಂದೆ ಯೆಹೂದಿ ಪಂಡಿತರು ಅಕ್ಷರಗಳ ಮೇಲೂ ಕೆಳಗೂ ಚುಕ್ಕಿ, ಗೀಟು ಹಾಕಿ ಸ್ವರ ಗುರುತಿಸಿಟ್ಟಿದ್ದಾರೆ. ಅವರ ಪುಣ್ಯದಿಂದ ಇವತ್ತಿನ ವಿದ್ಯಾರ್ಥಿ ತಡವರಿಸಿಯಾದರೂ ಓದುತ್ತಾನೆ.

ಈ ಅಕ್ಷರಮಾಲೆಯನ್ನು ತಿದ್ದುತ್ತ ಕೂತವನು ಬೀದರಿನಿಂದಲೋ ಗದಗದಿಂದಲೋ ಬಂದ, ಬಿ.ಕಾಂ. ಮುಗಿಸಿದ ಹುಡುಗನಾಗಿರಬಹುದು. ಸಭಾಪಾಲಕನಾಗುವ ಆಸೆಯಿಂದ ಬಂದಿದ್ದಾನೆ. ಪ್ರಾರ್ಥನೆ ಮಾಡಲು ಬರುತ್ತದೆ, ಹಾಡಲು ಬರುತ್ತದೆ, ಸತ್ಯವೇದದ ಎಷ್ಟೋ ವಚನಗಳು ಬಾಯಿಪಾಠ. ಇನ್ನೇನು ಕಲಿಯುವುದಿದೆ ಎಂದುಕೊಂಡವನ ಕೈಗೆ ಸೆಮಿನರಿ ಮೊದಲು ಕೊಡುವುದು ವ್ಯಾಕರಣವನ್ನು. ಹಳೆಯ ಒಡಂಬಡಿಕೆಗೆ ಹೀಬ್ರೂ, ಹೊಸ ಒಡಂಬಡಿಕೆಗೆ ಗ್ರೀಕ್. ದೇವರ ವಿಚಾರ ಆಮೇಲೆ.

ಹೊರಗಿನವರಿಗೆ ಸೆಮಿನರಿ ಎಂದರೆ ಪಾದ್ರಿಗಳನ್ನು ತಯಾರು ಮಾಡುವ ಜಾಗ. ಅದು ಸುಳ್ಳಲ್ಲ. ಆದರೆ ಕ್ರೈಸ್ತ ದೇವಶಾಸ್ತ್ರದ ಉನ್ನತ ವ್ಯಾಸಂಗವನ್ನು ಹತ್ತಿರದಿಂದ ನೋಡಿದರೆ ಅದರ ಬಹುಪಾಲು ಓದುವ ವಿದ್ಯೆ ಎಂಬುದು ತಿಳಿಯುತ್ತದೆ. ಒಂದು ಪಠ್ಯವನ್ನು ಅದರ ಮೂಲ ಮಾತಿನಲ್ಲಿ ಓದುವುದು, ಯಾರು ಯಾವಾಗ ಯಾರಿಗಾಗಿ ಬರೆದರೆಂದು ಕೇಳುವುದು, ಕೊನೆಗೆ ಅದನ್ನು ತನ್ನ ಜನರ ಮಾತಿಗೆ ತರುವುದು. ಕನ್ನಡಕ್ಕೂ ಈ ವಿದ್ಯೆಗೂ ಇರುವ ನಂಟು ಸಣ್ಣದಲ್ಲ.

ಮಂಗಳೂರಿನ ಬಲ್ಮಠವನ್ನೇ ತೆಗೆದುಕೊಳ್ಳಿ. ಹೆಸರಲ್ಲೇ ಮಠವನ್ನು ಇಟ್ಟುಕೊಂಡ ಈ ಗುಡ್ಡದ ಮೇಲೆ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಇದೆ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ರೈತರ, ಕುಶಲಕರ್ಮಿಗಳ ಮಕ್ಕಳು. ಸ್ವಲ್ಪ ತಡವಾಗಿ ಬಂದ ಹರ್ಮನ್ ಮೋಗ್ಲಿಂಗ್ ಮಾತ್ರ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರ ಓದಿದವರು. 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದ್ದು ಇವರೇ. ಸ್ಥಳೀಯ ಹುಡುಗರಿಗೆ ಉಪದೇಶಿ ತರಬೇತಿ ಕೊಡುತ್ತಿದ್ದ ಶಾಲೆ ಕಾಲಕ್ರಮದಲ್ಲಿ ಸೆಮಿನರಿಯಾಯಿತು. ತುಮಕೂರಿನಲ್ಲಿದ್ದ ಕನ್ನಡ ಸೆಮಿನರಿಯೂ ಬಂದು ಸೇರಿ, 1965ರಲ್ಲಿ ಕಾಲೇಜು ಈಗಿನ ರೂಪ ಪಡೆಯಿತು. ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಈ ಮಿಷನ್ನಿನ ಮುದ್ರಣಾಲಯದಲ್ಲೇ. ದೇವರ ಮಾತನ್ನು ಕನ್ನಡಕ್ಕೆ ತರಬೇಕಾದರೆ ಕನ್ನಡದ ಪ್ರತಿ ಪದದ ತೂಕ ಗೊತ್ತಿರಬೇಕಲ್ಲ. ಆ ಗರಜಿನಿಂದಲೇ ನಮಗೊಂದು ನಿಘಂಟು ದಕ್ಕಿತು.

ಈ ನಾಡಿನಿಂದ ದೇವಶಾಸ್ತ್ರ ಓದಲು ವಿದೇಶಕ್ಕೆ ಹೋದ ಮೊದಲಿಗರಲ್ಲಿ ಒಬ್ಬರು ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ. ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಯುವಕ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರೇ ಕದಡಿಹೋಯಿತು. ಎರಡು ವರ್ಷದ ನಂತರ ಮೋಗ್ಲಿಂಗರು ಈ ಯುವಕನನ್ನು ಕರೆದುಕೊಂಡು ಬಾಸೆಲ್‌ಗೆ ಹೋದರು. ಕೌಂಡಿನ್ಯರು ಅಲ್ಲಿ ಐದು ವರ್ಷ ಓದಿ 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದರು, ಮುಂದೆ ಮಂಗಳೂರಿನ ಸೆಮಿನರಿಯಲ್ಲೇ ಅಧ್ಯಾಪಕರಾದರು. ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಎನ್ನುತ್ತಿದ್ದ ಕಾಲ ಅದು. ಇವರ ವಿಷಯದಲ್ಲಿ ಕೆಡಲು ಇನ್ನೇನೂ ಉಳಿದಿರಲಿಲ್ಲವೆನ್ನಿ.

ಪದವಿ ಎಂಬ ಕಾಗದ ಬರುವುದು ಮಾತ್ರ ಮಂಗಳೂರಿನಿಂದಲೂ ಅಲ್ಲ, ಬೆಂಗಳೂರಿನಿಂದಲೂ ಅಲ್ಲ. ಕೋಲ್ಕತ್ತದ ಹತ್ತಿರ ಹೂಗ್ಲಿ ನದಿಯ ದಂಡೆಯ ಸೆರಾಂಪುರದಿಂದ. ಅದು ಡೇನಿಶ್ ವಸಾಹತಾಗಿದ್ದಾಗ, 1818ರಲ್ಲಿ ವಿಲಿಯಂ ಕೇರಿ, ಜೋಶುವಾ ಮಾರ್ಶ್‌ಮನ್, ವಿಲಿಯಂ ವಾರ್ಡ್ ಎಂಬ ಮಿಷನರಿಗಳು ಸೇರಿ ಅಲ್ಲೊಂದು ಕಾಲೇಜು ಕಟ್ಟಿದರು. 1827ರಲ್ಲಿ ಡೆನ್ಮಾರ್ಕಿನ ದೊರೆ ಆರನೇ ಫ್ರೆಡರಿಕ್ ಅದಕ್ಕೆ ಪದವಿ ನೀಡುವ ಸನ್ನದು ಕೊಟ್ಟ. ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾಲಯಗಳು ಹುಟ್ಟಲು ಇನ್ನೂ ಮೂವತ್ತು ವರ್ಷವಿತ್ತು. 1845ರಲ್ಲಿ ಡೇನರು ಊರನ್ನು ಬ್ರಿಟಿಷರಿಗೆ ಮಾರಿದರು, ಸನ್ನದು ಉಳಿಯಿತು. ಆದರೆ ದೇವಶಾಸ್ತ್ರದಲ್ಲಿ ಮೊದಲ ಬಿ.ಡಿ. ಪದವಿ ಕೊಟ್ಟದ್ದು 1915ರಲ್ಲಿ. ಅಧಿಕಾರ ಕೈಯಲ್ಲಿದ್ದೂ ಎಂಬತ್ತೆಂಟು ವರ್ಷ ಕಾದ ವಿಶ್ವವಿದ್ಯಾಲಯ ಇನ್ನೆಲ್ಲಾದರೂ ಇದೆಯೋ ಇಲ್ಲವೋ. 1918ರ ಬಂಗಾಳ ಕಾಯಿದೆ ಆ ಸನ್ನದನ್ನು ಗಟ್ಟಿ ಮಾಡಿತು. ಈಗ ದೇಶದ ಹತ್ತಾರು ಪ್ರೊಟೆಸ್ಟಂಟ್ ಸೆಮಿನರಿಗಳು ಸೆರಾಂಪುರ ಸೆನೆಟ್ಟಿನ ಕೆಳಗಿವೆ. ಅಂದ ಹಾಗೆ, ಕೇರಿಯವರ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದೂ ಇದೇ ಸೆರಾಂಪುರದಲ್ಲಿ.

ಸೇರುವ ದಾರಿ ಇತರ ಕಾಲೇಜುಗಳಂತಲ್ಲ. ಅಂಕಪಟ್ಟಿಯ ಜೊತೆಗೆ ತನ್ನ ಊರಿನ ಸಭೆಯ ಶಿಫಾರಸು ಬೇಕು, ಸಾಮಾನ್ಯವಾಗಿ ಬಿಷಪ್ಪರ ಒಪ್ಪಿಗೆಯೂ. ಡಯಾಸಿಸ್ ಕಳಿಸಿದರೆ ಖರ್ಚಿನ ಭಾರ ಇಳಿಯುತ್ತದೆ, ಮರಳಿ ಬಂದು ದುಡಿಯುವ ಋಣ ಏರುತ್ತದೆ. ಪದವೀಧರರಿಗೆ ಬಿ.ಡಿ. ಸಾಮಾನ್ಯವಾಗಿ ನಾಲ್ಕು ವರ್ಷ. ಮೇಲೆ ಎರಡು ವರ್ಷದ ಎಂ.ಟಿ.ಎಚ್., ಅದರಲ್ಲಿ ಪ್ರಬಂಧವೇ ಮುಖ್ಯ. ಅದರಾಚೆ ಡಾಕ್ಟರೇಟ್. ಬೆಳಿಗ್ಗೆ ಚಾಪೆಲ್, ಹಗಲು ತರಗತಿ, ಭಾನುವಾರ ಯಾವುದಾದರೂ ಸಭೆಯಲ್ಲಿ ಕೆಲಸ. ಹಾಸ್ಟೆಲಿನ ಊಟದ ಬಗ್ಗೆ ಎಲ್ಲ ಹಾಸ್ಟೆಲುಗಳಲ್ಲಿ ಹೇಳುವುದನ್ನೇ ಇಲ್ಲೂ ಹೇಳುತ್ತಾರೆ.

ಕಷ್ಟ ಶುರುವಾಗುವುದು ಎರಡನೆಯ ಸೆಮಿಸ್ಟರಿನ ಹೊತ್ತಿಗೆ. ಸಂಡೇಸ್ಕೂಲಿನಲ್ಲಿ ಮೊದಲ ಐದು ಗ್ರಂಥಗಳನ್ನು ಬರೆದವನು ಮೋಶೆ ಎಂದು ಕಲಿತ ಹುಡುಗನಿಗೆ ಇಲ್ಲಿ ಬೇರೆ ಪಾಠ. ಆ ಗ್ರಂಥಗಳಲ್ಲಿ ಬೇರೆಬೇರೆ ಕಾಲದ ಬೇರೆಬೇರೆ ಕೈಗಳಿವೆ, ಒಂದು ಎಳೆಯಲ್ಲಿ ದೇವರಿಗೆ ಒಂದು ಹೆಸರು, ಇನ್ನೊಂದರಲ್ಲಿ ಇನ್ನೊಂದು. ಸೃಷ್ಟಿಯ ಕಥೆಯೇ ಎರಡು ಸಲ ಬರುತ್ತದೆ, ಎರಡೂ ಒಂದೇ ಕ್ರಮದಲ್ಲಿಲ್ಲ. ಯೆಶಾಯನ ಗ್ರಂಥದ ನಲವತ್ತನೆಯ ಅಧ್ಯಾಯದಿಂದ ಮುಂದೆ ಮಾತಾಡುವವನು ಮೊದಲಿನ ಯೆಶಾಯನಲ್ಲ, ಸುಮಾರು ಒಂದೂವರೆ ಶತಮಾನದ ನಂತರ ಬಾಬಿಲೋನಿನ ಸೆರೆಯ ಕಾಲದವನು ಎನ್ನುವುದು ಹೆಚ್ಚಿನ ವಿದ್ವಾಂಸರ ಮತ. ಕನ್ಯೆ ಗರ್ಭಿಣಿಯಾಗುವಳೆಂಬ ಪ್ರಸಿದ್ಧ ವಾಕ್ಯದಲ್ಲಿ ಹೀಬ್ರೂವಿನ ‘ಅಲ್ಮಾ’ ಎಂಬ ಪದಕ್ಕೆ ಹರೆಯದ ಹೆಣ್ಣು ಎಂದಷ್ಟೇ ಅರ್ಥ. ಕನ್ಯೆ ಎಂಬ ಖಚಿತ ಅರ್ಥ ಬಂದದ್ದು ಗ್ರೀಕ್ ಅನುವಾದದ ದಾರಿಯಲ್ಲಿ. ಇದನ್ನೆಲ್ಲ ಹೇಳುವವರು ನಾಸ್ತಿಕರಲ್ಲ, ಬೆಳಿಗ್ಗೆ ಚಾಪೆಲಿನಲ್ಲಿ ಪ್ರಾರ್ಥನೆ ನಡೆಸಿದ ಅಧ್ಯಾಪಕರೇ. ಕೆಲವರು ಈ ಹಂತದಲ್ಲಿ ಗಂಟುಮೂಟೆ ಕಟ್ಟುತ್ತಾರೆ. ಕೆಲವರು ಪರೀಕ್ಷೆಗೆ ಒಂದು ಉತ್ತರ, ಮನಸ್ಸಿಗೆ ಒಂದು ಉತ್ತರ ಇಟ್ಟುಕೊಂಡು ದಾಟುತ್ತಾರೆ. ಇಂಥ ಪಾಠವೇ ತಪ್ಪು ಎನ್ನುವ ಸಂಪ್ರದಾಯನಿಷ್ಠ ಸೆಮಿನರಿಗಳೂ ಇವೆ. ನನ್ನ ಮಟ್ಟಿಗೆ ಹೇಳುವುದಾದರೆ, ತನ್ನ ಪವಿತ್ರ ಗ್ರಂಥವನ್ನು ತಾನೇ ಹೀಗೆ ಎಳೆ ಎಳೆಯಾಗಿ ಬಿಡಿಸಿ ನೋಡಿ, ಮತ್ತೆ ಅದರ ಮುಂದೆ ಮೊಣಕಾಲೂರುವ ಧೈರ್ಯ ಈ ಓದಿನ ದೊಡ್ಡ ಗುಣ.

ಇನ್ನೊಂದು ಸಂಗತಿ ಹೊರಗಿನವರಿಗೆ ಗೊತ್ತಿರುವುದಿಲ್ಲ. ಬೇರೆ ಧರ್ಮಗಳ ಅಧ್ಯಯನ ಇಲ್ಲಿ ಪಠ್ಯದ ಭಾಗ. ಶಂಕರ, ರಾಮಾನುಜರನ್ನು ಓದದೆ, ಇಸ್ಲಾಮಿನ ಪರಿಚಯವಿಲ್ಲದೆ ಪದವಿ ಇಲ್ಲ. ಕಾರ್ಕಳದಲ್ಲಿ 1920ರಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ ಈ ದಾರಿಯಲ್ಲಿ ಬಹುದೂರ ನಡೆದವರು. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಓದಿ, ದೇವಶಾಸ್ತ್ರಜ್ಞ ಪೌಲ್ ಟಿಲ್ಲಿಚ್ ಪಾಠ ಹೇಳುತ್ತಿದ್ದ ನ್ಯೂಯಾರ್ಕಿನ ಯೂನಿಯನ್ ಸೆಮಿನರಿಗೆ ಹೋದರು. ಹಾರ್ಟ್‌ಫರ್ಡಿನಲ್ಲಿ ಡಾಕ್ಟರೇಟ್ ಮಾಡಿದರು. ಮಂಗಳೂರಿನ ಸೆಮಿನರಿಗೆ ಪ್ರಾಂಶುಪಾಲರಾದರು, ಸೆರಾಂಪುರಕ್ಕೂ ಆದರು. ಎಪ್ಪತ್ತರ ದಶಕದಲ್ಲಿ ಜಿನೀವಾದ ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್‌ನಲ್ಲಿ ಅನ್ಯಧರ್ಮೀಯರೊಡನೆ ಸಂವಾದಕ್ಕೆಂದೇ ತೆರೆದ ವಿಭಾಗದ ಮೊದಲ ನಿರ್ದೇಶಕರು ಅವರೇ. ಕ್ರಿಸ್ತನ ಬಗ್ಗೆ ಮಾತಾಡಲು ಉಳಿದವರ ದೇವರನ್ನು ಅಲ್ಲಗಳೆಯಬೇಕಾಗಿಲ್ಲ ಎಂಬ ಅವರ ನಿಲುವನ್ನು ಸ್ವಂತ ಸಭೆಯೊಳಗೇ ಅನೇಕರು ಒಪ್ಪಲಿಲ್ಲ. ಹಲವು ದೈವ, ದೇವರುಗಳ ನಡುವೆ ಬೆಳೆದ ತುಳುನಾಡಿನ ಹುಡುಗನಿಗೆ ಆ ಮಾತು ಜಿನೀವಾದಲ್ಲಿ ಹೊಳೆದಿರಲಾರದು ಎಂದು ನನ್ನ ಊಹೆ.

ಸಮರ್ಥರು ಓದಿದ ಬೆಂಗಳೂರಿನ ಆ ಕಾಲೇಜು ಶುರುವಾದದ್ದು 1910ರಲ್ಲಿ, ಹಲವು ಮಿಷನ್‌ಗಳು ಕೈಜೋಡಿಸಿ. ಮಿಲ್ಲರ್ಸ್ ರಸ್ತೆಯ ಅದರ ಆವರಣದಲ್ಲಿ 1981ರಲ್ಲಿ ಅರವಿಂದ ನಿರ್ಮಲ್ ಎಂಬ ಪ್ರಾಧ್ಯಾಪಕರು ಮಾಡಿದ ಒಂದು ಭಾಷಣ ಮುಂದೆ ದಲಿತ ದೇವಶಾಸ್ತ್ರ ಎಂಬ ಧಾರೆಗೇ ಕಾರಣವಾಯಿತು. ಭಾರತದ ಕ್ರೈಸ್ತ ಚಿಂತನೆ ಅಲ್ಲಿಯವರೆಗೆ ವೇದಾಂತದ ಜೊತೆಗೇ ಮಾತಾಡುತ್ತಿತ್ತು; ಸಭೆಯ ಬೆಂಚುಗಳ ಮೇಲೆ ಕೂತವರಲ್ಲಿ ಬಹುಪಾಲು ಜನ ವೇದ ಕೇಳಲೂ ಬಿಡದ ಕೇರಿಗಳಿಂದ ಬಂದವರು. ಅವರ ಅನುಭವವೇ ದೇವಶಾಸ್ತ್ರದ ಮೂಲದ್ರವ್ಯವಾಗಬೇಕು ಎಂಬುದು ಈ ಧಾರೆಯ ವಾದ. ಸ್ತ್ರೀವಾದಿ ಓದು ಕೂಡ ಈಗ ಪಠ್ಯದೊಳಗಿದೆ, ತರಗತಿಯಲ್ಲಿ ಹೆಣ್ಣುಮಕ್ಕಳಿದ್ದಾರೆ.

ಕಥೋಲಿಕರ ದಾರಿ ಬೇರೆ, ಇನ್ನೂ ಉದ್ದ. ತತ್ವಶಾಸ್ತ್ರ, ಆಮೇಲೆ ದೇವಶಾಸ್ತ್ರ, ನಡುವೆ ಸೇವೆಯ ಅವಧಿ, ಗುರುಪಟ್ಟ; ಪಾಠ ಹೇಳಬೇಕೆಂದರೆ ಅದರ ಮೇಲೆ ಲೈಸೆನ್ಷಿಯೇಟ್ ಎಂಬ ಪದವಿ. ಮಂಗಳೂರಿನ ಜೆಪ್ಪು, ಬೆಂಗಳೂರಿನ ಮಲ್ಲೇಶ್ವರದ ಸಂತ ಪೇತ್ರರ ಸೆಮಿನರಿ, ಧರ್ಮಾರಾಮ್ ಇವು ಹೆಸರಾದ ಜಾಗಗಳು. ಪಾದ್ರಿಯಾಗುವ ಉದ್ದೇಶವೇ ಇಲ್ಲದವರೂ ಈ ವಿಷಯ ಓದಬಹುದೆಂದು ತೋರಿಸಿದ್ದು ಮೈಸೂರು ವಿಶ್ವವಿದ್ಯಾಲಯ. ಫಾದರ್ ಅಮಲೋರ್‌ಪವದಾಸ್ ಅಲ್ಲಿ ಕ್ರೈಸ್ತ ಅಧ್ಯಯನ ವಿಭಾಗ ಕಟ್ಟಿದರು.

ನನಗೆ ಮಾತ್ರ ಈ ವಿದ್ಯೆ ಎಂದರೆ ನೆನಪಾಗುವುದು ಉತ್ತಂಗಿ ಚನ್ನಪ್ಪ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಂಗಳೂರಿನ ಇದೇ ಸೆಮಿನರಿಯಲ್ಲಿ ಓದಿ ಸಭಾಪಾಲಕರಾದ ಅವರು, ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಬೇರೆಬೇರೆ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಯಾವ ಪಾಠ ಹಳೆಯದು, ಯಾವುದು ನಡುವೆ ಸೇರಿದ್ದು ಎಂದು ನೋಡುವ ಕಣ್ಣು ಅವರಿಗೆ ಸತ್ಯವೇದದ ತರಗತಿಯಲ್ಲೇ ಬಂದಿರಬೇಕು. ಈ ಪಾದ್ರಿಯೇ 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು.

ಅಂಥವರು ಈಗ ಯಾಕೆ ಕಾಣುವುದಿಲ್ಲ? ಒಂದು ಕಾರಣ ಕಣ್ಣಿಗೆ ರಾಚುವಂಥದು. ಬಿ.ಡಿ. ಹಂತದಲ್ಲಿ ಪ್ರಾದೇಶಿಕ ಭಾಷೆಗಳಿಗೆ ಸೆನೆಟ್ಟು ಜಾಗ ಕೊಟ್ಟಿದ್ದರೂ ಮೇಲಿನ ಓದು ಇಂಗ್ಲಿಷಿನದು. ಹೀಬ್ರೂವನ್ನು ಇಂಗ್ಲಿಷ್ ನಿಘಂಟಿನ ಮೂಲಕ ಕಲಿತು, ಇಂಗ್ಲಿಷಿನಲ್ಲಿ ಪ್ರಬಂಧ ಬರೆದು, ಭಾನುವಾರ ಕನ್ನಡದಲ್ಲಿ ಪ್ರಸಂಗ ಮಾಡಬೇಕು. ಕಿಟೆಲ್‌ಗೆ ಇದ್ದ ಗರಜು ಇವರಿಗೆ ಪರೀಕ್ಷೆಯಲ್ಲಿ ಬರುವುದೇ ಇಲ್ಲ.

ಗದಗ ಸೀಮೆಯಲ್ಲಿ ದುಡಿದು ನಿವೃತ್ತರಾದ ಸಭಾಪಾಲಕರೊಬ್ಬರು ನನಗೆ ಒಂದು ಸಂಗತಿ ಹೇಳಿದರು. ಹೀಬ್ರೂವಿನಲ್ಲಿ ‘ರೂಆಖ್’ ಎಂಬ ಪದವಿದೆ. ಗಾಳಿ, ಉಸಿರು, ಆತ್ಮ ಮೂರಕ್ಕೂ ಅದೊಂದೇ. ಸತ್ಯವೇದದ ಕನ್ನಡ ಅದಕ್ಕೆ ಹೆಚ್ಚಾಗಿ ‘ಆತ್ಮ’ ಎನ್ನುತ್ತದೆ, ಆ ಪದದ ಹಿಂದೆ ಉಪನಿಷತ್ತುಗಳ ಇಡೀ ಮೆರವಣಿಗೆಯೇ ಬರುತ್ತದೆ. ಎಂ.ಟಿ.ಎಚ್. ಮುಗಿಸಿ ಬಂದ ಹೊಸತರಲ್ಲಿ ಇದನ್ನೆಲ್ಲ ಅರ್ಧ ಗಂಟೆ ಬಿಡಿಸಿ ಹೇಳಿದರಂತೆ. ಆರಾಧನೆ ಮುಗಿದ ಮೇಲೆ ಹೊಲದ ಕೆಲಸ ಮಾಡುವ ಒಬ್ಬ ಮುದುಕಿ ಬಾಗಿಲ ಬಳಿ ನಿಲ್ಲಿಸಿ ಅಂದಳಂತೆ: “ಆತ್ಮ ಅಂದ್ರ ಭಾಳ ದೂರ ಆಕ್ಕೈತ್ರಿ ಅಯ್ಯಾರ. ಉಸರು ಅನ್ರಿ. ಅದು ಹೋದ್ರ ಏನ್ ಆಕ್ಕೈತಿ ಅಂತ ನಮಗ ಗೊತ್ತೈತಿ.”

ಆ ಪದವನ್ನು ಅವರು ಹೀಬ್ರೂ ನಿಘಂಟಿನ ಅಂಚಿನಲ್ಲಿ ಮುದುಕಿ ಉಚ್ಚರಿಸಿದ ಹಾಗೆಯೇ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ.