ಗುರುವಿನ ಹೆಸರಿಟ್ಟ ಶಿಷ್ಯ

ಹೋಟೆಲಿನ ಗಲ್ಲಾಪೆಟ್ಟಿಗೆಯ ಬಳಿ ಕುಳಿತವರಿಗೂ, ಕಚೇರಿಯಲ್ಲಿ ಖಾತೆಪುಸ್ತಕ ಬರೆಯುವವರಿಗೂ ಗಣಿತವು ಅಪರಿಚಿತವಲ್ಲ. ಎರಡು ಲೆಕ್ಕಗಳನ್ನು ತಾಳೆ ನೋಡಿ ಕಾಣದ ಮೊತ್ತವನ್ನು ಹೊರತೆಗೆಯುವುದು ನಮ್ಮ ನಿತ್ಯದ ಕಾಯಕವೇ ಆಗಿದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಇಂಥದೇ ಪ್ರಶ್ನೆಯನ್ನು ಕೇಳಿದ್ದಾನೆ: 9 ಮಾದಲ ಹಣ್ಣು ಹಾಗೂ 7 ಬೇಲದ ಹಣ್ಣುಗಳ ಬೆಲೆ 107, 7 ಮಾದಲ ಹಾಗೂ 9 ಬೇಲಕ್ಕೆ 101, ಒಂದೊಂದರ ಬೆಲೆಯೆಷ್ಟು? ಮಾದಲಕ್ಕೆ 8, ಬೇಲಕ್ಕೆ 5 ಎಂದು ವಾಚಕರು ತಾಳೆ ನೋಡಬಹುದು.

ಇದು ಸುಲಭದ ಮಾತಾಯಿತು. ತಿಳಿಯದ ಸಂಖ್ಯೆಗಳು ಒಂದನ್ನೊಂದು ಗುಣಿಸಿಕೊಂಡು, ವರ್ಗವಾಗಿ, ಘನವಾಗಿ ಹೆಣೆದುಕೊಂಡರೆ ಗತಿಯೇನು? ಅಂಥ ಬಹುಪದ ಸಮೀಕರಣಗಳು ಎಷ್ಟೇ ಇರಲಿ, ಅವುಗಳ ಗಂಟು ಬಿಡಿಸುವ ಒಂದು ಕ್ರಮವನ್ನು ತೋರಿಸಿಕೊಟ್ಟವರು ಆಸ್ಟ್ರಿಯಾ ದೇಶದ ಬ್ರೂನೋ ಬುಖ್‌ಬೆರ್ಗರ್. 1942ರಲ್ಲಿ ಇನ್ಸ್‌ಬ್ರುಕ್ ನಗರದಲ್ಲಿ ಜನಿಸಿದ ಇವರು ಅಲ್ಲಿಯ ವಿಶ್ವವಿದ್ಯಾಲಯದಲ್ಲಿಯೇ ವುಲ್ಫ್‌ಗಾಂಗ್ ಗ್ರೋಬ್ನರ್ ಎಂಬ ಪ್ರಾಧ್ಯಾಪಕರ ಶಿಷ್ಯರಾದರು. ಗುರುಗಳು ಒಡ್ಡಿದ ಸಮಸ್ಯೆಯನ್ನು ಕೈಗೆತ್ತಿಕೊಂಡು 1965ರಲ್ಲಿ ತಮ್ಮ ಪ್ರಬಂಧದಲ್ಲಿ ಬಿಡಿಸಿದರು. ಆ ಕಾಲದ ಗಣಕಯಂತ್ರದ ಮೇಲೆ ಅದನ್ನು ನಡೆಸಿಯೂ ನೋಡಿದರು.

ಆ ಕ್ರಮದ ತಿರುಳು ಇಷ್ಟೇ. ಎರಡು ಸಂಖ್ಯೆಗಳ ಮೊತ್ತ 7, ಗುಣಲಬ್ಧ 12 ಎನ್ನೋಣ. ಮೊದಲ ಸಮೀಕರಣವನ್ನು ಎರಡನೆಯ ಸಂಖ್ಯೆಯಿಂದ ಗುಣಿಸಿ, ಅದರಿಂದ ಎರಡನೆಯ ಸಮೀಕರಣವನ್ನು ಕಳೆದರೆ ಮುಂದಾಳು ಪದಗಳು ಪರಸ್ಪರ ಹೊಡೆದುಹೋಗುತ್ತವೆ. ಎರಡನೆಯ ಸಂಖ್ಯೆಯ ವರ್ಗಕ್ಕೆ 12 ಕೂಡಿಸಿದರೆ ಅದರ ಏಳರಷ್ಟಾಗುತ್ತದೆ ಎಂಬ ಹೊಸ ಸಮೀಕರಣ ಉಳಿಯುತ್ತದೆ. ಇದರಲ್ಲಿ ಒಂದೇ ಅಜ್ಞಾತವಿರುವುದರಿಂದ 3 ಮತ್ತು 4 ತಾವಾಗಿಯೇ ದೊರೆಯುತ್ತವೆ. ಹೀಗೆ ಜೋಡಿಜೋಡಿಯಾಗಿ ಹೊಡೆಯುತ್ತ, ಶೇಷ ಉಳಿದರೆ ಪಟ್ಟಿಗೆ ಸೇರಿಸುತ್ತ ಹೋಗಬೇಕು. ಹೊಸ ಶೇಷ ಬಾರದಾದಾಗ ನಿಲ್ಲಬೇಕು. ಈ ಕೆಲಸ ಒಂದು ದಿನ ನಿಂತೇ ತೀರುತ್ತದೆ ಎಂಬುದನ್ನೂ ಅವರು ಸಿದ್ಧಪಡಿಸಿದರು. ಆದರೆ ಕೆಲವು ಕಠಿಣ ಸಂದರ್ಭಗಳಲ್ಲಿ ಪಟ್ಟಿಯು ಯಂತ್ರಕ್ಕೂ ಹೊರಲಾರದಷ್ಟು ಬೆಳೆಯುವುದುಂಟು.

ಪ್ರಬಂಧದ ಸಾರವು 1970ರಲ್ಲಿ ಪತ್ರಿಕೆಯಲ್ಲಿ ಅಚ್ಚಾದರೂ ವಿದ್ವಲ್ಲೋಕವು ಬಹುಕಾಲ ಅದರತ್ತ ಅಷ್ಟಾಗಿ ಕಣ್ಣು ಹಾಯಿಸಲಿಲ್ಲ. ಬುಖ್‌ಬೆರ್ಗರ್ ಧೃತಿಗೆಡಲಿಲ್ಲ. 1974ರಲ್ಲಿ ಲಿಂಟ್ಸ್ ನಗರದ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 1976ರಲ್ಲಿ ತಮ್ಮ ಶೋಧಕ್ಕೆ ತಮ್ಮ ಹೆಸರನ್ನಿಡದೆ ‘ಗ್ರೋಬ್ನರ್ ಆಧಾರಗಳು’ ಎಂದು ಗುರುವಿನ ಹೆಸರನ್ನಿಟ್ಟರು. ಗುರುಗಳು 1980ರಲ್ಲಿ ತೀರಿಕೊಂಡರು. 1985ರಲ್ಲಿ ಸಾಂಕೇತಿಕ ಗಣನೆಗೆ ಮೀಸಲಾದ ಪತ್ರಿಕೆಯನ್ನೂ, 1987ರಲ್ಲಿ ಸಂಶೋಧನ ಸಂಸ್ಥೆಯೊಂದನ್ನೂ ಶಿಷ್ಯರು ಸ್ಥಾಪಿಸಿದರು. ಯಂತ್ರಮಾನವನ ತೋಳಿನ ಚಲನೆ, ರೇಖಾಗಣಿತದ ಪ್ರಮೇಯಗಳು, ಗುಪ್ತಲಿಪಿಯ ಪರೀಕ್ಷೆ — ಎಲ್ಲೆಡೆಯೂ ಈ ಕ್ರಮವು ಇಂದು ಬಳಕೆಯಲ್ಲಿದೆ. 2007ರಲ್ಲಿ ಅವರಿಗೆ ಪ್ಯಾರಿಸ್ ಕನೆಲ್ಲಾಕಿಸ್ ಪ್ರಶಸ್ತಿ ಸಂದಿತು. ಪ್ರಬಂಧ ಬರೆದು ಆಗಲೇ ನಾಲ್ಕು ದಶಕಗಳು ಕಳೆದಿದ್ದವು.

ಕೆಲಸ ಕಲಿಸಿದವರ ಹೆಸರನ್ನು ನಮ್ಮಲ್ಲಿ ಎಷ್ಟು ಮಂದಿ ಹೇಳುತ್ತೇವೆ? ಪರಸ್ಥಳದಲ್ಲಿ ಮೊದಲ ದಿನ ಕೈಹಿಡಿದು ಲೆಕ್ಕ ತೋರಿಸಿದ ಹಿರಿಯನೊಬ್ಬ ನಮಗೆಲ್ಲರಿಗೂ ಇದ್ದೇ ಇದ್ದಾನೆ. ಅವನನ್ನು ನೆನೆಯುವುದರಿಂದ ನಮ್ಮ ಕೀರ್ತಿ ಕುಂದುವುದಿಲ್ಲವೆಂಬುದಕ್ಕೆ ಈ ಗಣಿತಜ್ಞರೇ ಸಾಕ್ಷಿ.