ಗೋಡೆಯೊಳಗೆ ಹೊಕ್ಕ ಮೋಟಾರು ಸೈಕಲ್ಲು

ಕಳೆದ ತಿಂಗಳ ಒಂದು ಭಾನುವಾರ, ನಮ್ಮ ವಾಚನಾಲಯಕ್ಕೆ ತಪ್ಪದೆ ಬರುವ ತರುಣರೊಬ್ಬರು ಪತ್ರಿಕೆಯನ್ನು ಬದಿಗಿಟ್ಟು ತಮ್ಮ ಮೊಬೈಲನ್ನು ನನ್ನ ಮುಂದೆ ಹಿಡಿದರು. ನೋಯಿಡಾದ ಒಂದು ಕಚೇರಿಯಲ್ಲಿ ಅವರು ಗುಮಾಸ್ತರು. ಮುನಿರ್ಕಾದಲ್ಲಿ ಇನ್ನಿಬ್ಬರೊಡನೆ ವಾಸ. ಕೋಣೆಯಲ್ಲಿರುವ ಹಳೆಯ ಕಂಪ್ಯೂಟರಿನಲ್ಲಿ ಸಾಹಸದ ವಿಡಿಯೋ ಗೇಮ್ ಒಂದರ ‘ಡೆಮೋ’ವನ್ನು, ಎಂದರೆ ಆಟದ ರುಚಿ ತೋರಿಸಲು ಬಿಟ್ಟಿಯಾಗಿ ಹಂಚುವ ಮಾದರಿ ತುಣುಕನ್ನು, ಅವರು ಆಡಿದ್ದರು. ಜಾಹೀರಾತಿನಲ್ಲಿ ‘ನಿಜ ಜಗತ್ತಿನ ಭೌತಶಾಸ್ತ್ರ’ ಎಂದು ಹೊಗಳಿದ್ದರಂತೆ. ಮೊಬೈಲಿನಲ್ಲಿ ಕಂಡದ್ದೇ ಬೇರೆ. ನಾಯಕನ ಮೋಟಾರು ಸೈಕಲ್ಲು ಗೋಡೆಗೆ ಬಡಿದು ನಿಲ್ಲುವುದರ ಬದಲು ಅರ್ಧ ಒಳಹೊಕ್ಕಿತು, ಗಡಗಡನೆ ನಡುಗಿತು, ಆಮೇಲೆ ಬಾಣಬಿರುಸಿನಂತೆ ಆಕಾಶಕ್ಕೆ ಹಾರಿಹೋಯಿತು.

ಗ್ರಾಫಿಕ್ಸ್ ಕಾರ್ಡು ಹಳೆಯದಾದುದರಿಂದಲೇ ಹೀಗಾಯಿತು, ಹೊಸದನ್ನು ಹಾಕಿಸು ಎಂದು ಕಚೇರಿಯ ಗೆಳೆಯರು ಸಲಹೆ ಕೊಟ್ಟಿದ್ದರು. ಅದರ ಬೆಲೆ ಈ ತರುಣರ ಒಂದು ತಿಂಗಳ ಸಂಬಳಕ್ಕೆ ಹತ್ತಿರ. ನೆಹರೂ ಪ್ಲೇಸಿಗೆ ಹೋಗಲೋ ಬೇಡವೋ ಎಂಬುದು ಅವರ ಪ್ರಶ್ನೆ. ನಾನು ಬೇಡವೆಂದೆ. ಇದೇ ಸಂದೇಹ ನಮ್ಮ ವಾಚಕರಲ್ಲಿ ಇನ್ನೂ ಕೆಲವರಿಗೆ ಇರಬಹುದಾದುದರಿಂದ ಕಾರಣವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಿಂದಿನ ಆಟಗಳಲ್ಲಿ ಶತ್ರು ಬೀಳುವುದು ಸಿನಿಮಾ ರೀಲಿನಲ್ಲಿ ಬಿದ್ದಂತೆ: ಎಷ್ಟು ಸಲ ಆಡಿದರೂ ಒಂದೇ ಬಗೆ, ಕೈ ಅದೇ ಕಡೆಗೆ, ತಲೆ ಅದೇ ಕಡೆಗೆ. ಮೊದಲೇ ಬರೆದಿಟ್ಟ ಚಿತ್ರ ಅದು. ಈಗಿನ ಆಟಗಳು ಹಾಗಲ್ಲ. ಒಂದು ಡಬ್ಬಿಗೆ ಇಷ್ಟು ತೂಕ, ನೆಲಕ್ಕೆ ಇಷ್ಟು ಘರ್ಷಣೆ, ಭೂಮಿಯ ಸೆಳೆತ ಇಷ್ಟು ಎಂದು ಕೊಟ್ಟುಬಿಟ್ಟರೆ, ಡಬ್ಬಿ ಹೇಗೆ ಉರುಳಬೇಕೆಂಬುದನ್ನು ಯಂತ್ರವು ನ್ಯೂಟನ್ನನ ನಿಯಮಗಳಿಂದ ಆಗಿಂದಾಗ್ಗೆ ಲೆಕ್ಕ ಹಾಕುತ್ತದೆ. ಸತ್ತ ಶತ್ರುವಿನ ಮೈ ದಾರ ಕಡಿದ ಸೂತ್ರದ ಬೊಂಬೆ ಇದ್ದ ಹಾಗೆ. ಮೆಟ್ಟಿಲಿದ್ದರೆ ಮೆಟ್ಟಿಲಿನ ಮೇಲೆ ಉರುಳುತ್ತದೆ, ಇಳಿಜಾರಾದರೆ ಜಾರುತ್ತದೆ.

ಇದನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಪ್ರಯತ್ನಿಸಿದವರಲ್ಲಿ ೧೯೯೮ರ ‘ಟ್ರೆಸ್ಪಾಸರ್’ ಎಂಬ ಡೈನೋಸಾರುಗಳ ಆಟದವರೂ ಸೇರುತ್ತಾರೆ. ಅದರ ಮುಖಂಡ ಸೀಮಸ್ ಬ್ಲಾಕ್ಲಿ ಭೌತಶಾಸ್ತ್ರವನ್ನೇ ಓದಿ ಬಂದವನು. ಆದರೂ ಆಟ ನಗೆಗೀಡಾಯಿತು. ಪ್ರಾಣಿಗಳು ಕುಡಿದವರಂತೆ ತೂರಾಡಿದವು, ನಾಯಕಿಯ ಕೈ ತಿರುಚಿಕೊಂಡಿತು. ಆರು ವರ್ಷಗಳ ಮೇಲೆ, ೨೦೦೪ರಲ್ಲಿ, ‘ಹಾಫ್ ಲೈಫ್ ೨’ ಎಂಬ ಆಟ ಐರ್ಲೆಂಡಿನ ಹ್ಯಾವಕ್ ಕಂಪನಿಯ ಲೆಕ್ಕಾಚಾರದ ತಂತ್ರವನ್ನು ಬಳಸಿಕೊಂಡು ಗೆದ್ದಿತು. ನಿಯಮಗಳು ಎರಡಕ್ಕೂ ಒಂದೇ. ಕಷ್ಟವಿದ್ದುದು ನಿಯಮದಲ್ಲಲ್ಲ, ಕಾಲದಲ್ಲಿ.

ನಿಜ ಜಗತ್ತಿನಲ್ಲಿ ಕಾಲ ಎಡೆಬಿಡದೆ ಹರಿಯುತ್ತದೆ. ಯಂತ್ರಕ್ಕೆ ಅದು ಸಾಧ್ಯವಿಲ್ಲ. ಅದು ಕಾಲವನ್ನು ಹೋಳುಹೋಳಾಗಿ ಕತ್ತರಿಸಿ, ಸಾಮಾನ್ಯವಾಗಿ ಒಂದು ಸೆಕೆಂಡಿಗೆ ೬೦ ಸಲ, ‘ಈಗ ಯಾವುದು ಎಲ್ಲಿದೆ?’ ಎಂದು ಕೇಳಿಕೊಳ್ಳುತ್ತದೆ. ನಡುವೆ ಅದಕ್ಕೆ ಕಣ್ಣಿಲ್ಲ. ಡಿ.ಟಿ.ಸಿ. ಬಸ್ಸಿನಲ್ಲಿ ತೂಕಡಿಸುತ್ತಾ ಹೋಗುವವನು ಒಮ್ಮೆ ಕಣ್ಣು ಬಿಟ್ಟಾಗ ಮೂಲಚಂದ್, ಇನ್ನೊಮ್ಮೆ ಬಿಟ್ಟಾಗ ನೆಹರೂ ಪ್ಲೇಸ್ ಎಂಬಂತೆ. ನಡುವಿನ ನಿಲ್ದಾಣಗಳಲ್ಲಿ ಏನಾಯಿತೋ ಅವನು ಕಾಣ.

ಲೆಕ್ಕವನ್ನು ನೋಡಿ. ಬಂದೂಕಿನ ಗುಂಡು ಸೆಕೆಂಡಿಗೆ ೮೦೦ ಮೀಟರ್ ಹೋಗುವುದೆಂದಿಟ್ಟುಕೊಂಡರೆ, ಒಂದು ಹೋಳಿನಲ್ಲಿ ೧೩ ಮೀಟರಿಗೂ ಮಿಕ್ಕಿ ಹಾರುತ್ತದೆ. ಒಂಬತ್ತಂಗುಲದ ಗೋಡೆಯ ದಪ್ಪ ಸುಮಾರು ೨೩ ಸೆಂಟಿಮೀಟರ್. ಈ ಹೋಳಿನಲ್ಲಿ ಗುಂಡು ಗೋಡೆಯ ಈಚೆ, ಮುಂದಿನ ಹೋಳಿನಲ್ಲಿ ಆಚೆ. ಗೋಡೆಯನ್ನು ಮುಟ್ಟಿದುದಕ್ಕೆ ಸಾಕ್ಷಿಯೇ ಇಲ್ಲ! ಗುಂಡಿನ ಮಾತಿರಲಿ, ಗಂಟೆಗೆ ೭೨ ಕಿಲೋಮೀಟರ್ ವೇಗದ ಮೋಟಾರು ಸೈಕಲ್ಲು ಕೂಡ ಒಂದು ಹೋಳಿನಲ್ಲಿ ೩೩ ಸೆಂಟಿಮೀಟರ್ ಮುಂದೆ ಸಾಗುತ್ತದೆ. ಸೈಕಲ್ಲು ಉದ್ದವಾದುದರಿಂದ ಗೋಡೆಯನ್ನು ಪೂರ್ತಿ ಹಾರಿಹೋಗದು. ಆದರೆ ಯಂತ್ರ ಕಣ್ಣು ಬಿಡುವಷ್ಟರಲ್ಲಿ ಅದರ ಮುಂಚಕ್ರ ಗೋಡೆಯೊಳಗಿರುತ್ತದೆ.

ಇನ್ನು ಆಕಾಶಕ್ಕೆ ಹಾರಿದ್ದು. ಎರಡು ಘನವಸ್ತುಗಳು ಒಂದೇ ಜಾಗದಲ್ಲಿರಬಾರದೆಂಬುದು ಯಂತ್ರಕ್ಕೆ ಕಲಿಸಿದ ಪಾಠ. ಒಳಹೊಕ್ಕಿರುವುದನ್ನು ಕಂಡೊಡನೆ ಅದು ಹೊರಕ್ಕೆ ನೂಕುತ್ತದೆ. ಅನೇಕ ಆಟಗಳಲ್ಲಿ ಈ ನೂಕು ಅದುಮಿದ ಸ್ಪ್ರಿಂಗಿನಂತೆ: ಒಂದು ಕೂದಲೆಳೆ ಒಳಗಿದ್ದರೆ ಮೆತ್ತನೆಯ ನೂಕು, ಒಂದು ಮೊಳ ಒಳಗಿದ್ದರೆ ರಾಕ್ಷಸ ಬಲ. ಗೋಡೆ ಒಂದು ಕಡೆಗೂ ನೆಲ ಇನ್ನೊಂದು ಕಡೆಗೂ ನೂಕುವಾಗ ನಡುಕ; ಕೊನೆಗೆ ಯಾವ ಕಡೆ ತೆರವಿದೆಯೋ ಆ ಕಡೆಗೆ, ಎಂದರೆ ಮೇಲಕ್ಕೆ. ತರುಣರು ಕಂಡದ್ದು ಇದೇ.

ನಮ್ಮ ಕಡೆಯವರು ತಿಳಿಯತಕ್ಕ ಇನ್ನೊಂದು ಸಂಗತಿಯಿದೆ. ಆಟದಲ್ಲಿ ಒಂದೊಂದು ಗೋಡೆಯೂ ಎರಡು ಗೋಡೆ. ಒಂದು ಕಣ್ಣಿಗೆ ಕಾಣುವ ಇಟ್ಟಿಗೆ, ಪಾಚಿ, ಬಿರುಕುಗಳ ಗೋಡೆ. ಇದನ್ನು ಚಿತ್ರಕಾರರು ರಚಿಸುತ್ತಾರೆ. ಇಂಥ ಚಿತ್ರಕೆಲಸ ನಮ್ಮ ಸುತ್ತಮುತ್ತಲೇ ನಡೆಯುತ್ತದೆಂಬುದು ಹಲವರಿಗೆ ತಿಳಿಯದು: ೨೦೦೪ರಲ್ಲಿ ಆರಂಭವಾದ ಗುರುಗ್ರಾಮದ ಲಕ್ಷ್ಯ ಡಿಜಿಟಲ್ ಸಂಸ್ಥೆ ಹೊರದೇಶಗಳ ಆಟಗಳಿಗೆ ಇದನ್ನು ಮಾಡಿಕೊಟ್ಟಿದೆ. ನಮ್ಮ ಬೆಂಗಳೂರಿನಲ್ಲಿ ೧೯೯೭ರಲ್ಲೇ ಹುಟ್ಟಿದ ಧ್ರುವ ಇಂಟರಾಕ್ಟಿವ್ ಈ ಉದ್ಯಮದಲ್ಲಿ ಹಿರಿಯದು. ೨೦೧೯ರಲ್ಲಿ ಅದನ್ನು ರಾಕ್‌ಸ್ಟಾರ್ ಕಂಪನಿ ಕೊಂಡುಕೊಂಡಿತು. ಎರಡನೆಯದು ಕಣ್ಣಿಗೆ ಕಾಣದ ಗೋಡೆ, ಲೆಕ್ಕಕ್ಕೆಂದು ಇಟ್ಟ ಒಂದು ಸಾದಾ ಪೆಟ್ಟಿಗೆ. ಪ್ರತಿಯೊಂದು ಬಿರುಕಿಗೂ ಲೆಕ್ಕ ಹಾಕುತ್ತ ಕುಳಿತರೆ ಆಟ ನಡೆಯಲಾರದು. ಈ ಎರಡು ಗೋಡೆಗಳು ಎಲ್ಲಿ ಒಂದಕ್ಕೊಂದು ಹೊಂದುವುದಿಲ್ಲವೋ ಅಲ್ಲಿ ನಾಯಕನ ಮೊಣಕೈ ಕಲ್ಲಿನೊಳಗೆ ಹೋಗುತ್ತದೆ, ಇಲ್ಲವೆ ಅವನು ಬರಿಯ ಗಾಳಿಯ ಮೇಲೆ ನಿಂತಿರುತ್ತಾನೆ. ಡೆಮೋ ತಯಾರಾಗುವಾಗ ಆಟದ ಕೆಲಸ ಅನೇಕ ವೇಳೆ ಮುಗಿದಿರುವುದಿಲ್ಲವಾದುದರಿಂದ ಇಂಥ ಸಂದುಗಳು ಹೆಚ್ಚು.

ಕಾಲದ ಹೋಳಿನ ದೋಷವನ್ನು ಆಟದ ಮಾತೆಂದು ನಕ್ಕುಬಿಡುವಂತಿಲ್ಲ. ೧೯೯೧ರ ಫೆಬ್ರವರಿ ೨೫ರಂದು ಸೌದಿ ಅರೇಬಿಯದ ದಹ್ರಾನಿನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿಯ ಯಂತ್ರ, ಸೆಕೆಂಡಿನ ಹತ್ತನೆಯ ಒಂದು ಭಾಗವನ್ನು ತನ್ನ ಅಂಕೆಗಳಲ್ಲಿ ಸರಿಯಾಗಿ ಬರೆದುಕೊಳ್ಳಲಾರದೆ, ನೂರು ಗಂಟೆ ಓಡಿದ ಮೇಲೆ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ತಪ್ಪಿತು. ಎದುರಿನ ಕ್ಷಿಪಣಿ ಅಷ್ಟರಲ್ಲಿ ಅರ್ಧ ಕಿಲೋಮೀಟರಿಗಿಂತ ಹೆಚ್ಚು ಸಾಗಿತ್ತು. ೨೮ ಸೈನಿಕರು ಸತ್ತರು.

ಹಾಗಾದರೆ ನಮ್ಮ ಕಂಪ್ಯೂಟರಿನ ಪಾಲು ಏನೂ ಇಲ್ಲವೆ? ಇದೆ, ಆದರೆ ಬೇರೆ ಬಗೆಯದು. ಗ್ರಾಫಿಕ್ಸ್ ಕಾರ್ಡಿನ ಮುಖ್ಯ ಕೆಲಸ ಚಿತ್ರ ಬಿಡಿಸುವುದು. ಬಡಿತ, ಉರುಳುವಿಕೆಗಳ ಲೆಕ್ಕವನ್ನು ಹೆಚ್ಚಿನ ಆಟಗಳಲ್ಲಿ ಪ್ರೊಸೆಸರ್ ಮಾಡುತ್ತದೆ. ಚಿತ್ರ ತಡೆತಡೆದು ಬರುತ್ತಿದ್ದರೆ, ನೆರಳುಗಳನ್ನೂ ಚಿತ್ರದ ನುಣುಪನ್ನೂ ಕಡಮೆ ಮಾಡಿದೊಡನೆ ಆಟ ಸರಾಗವಾದರೆ, ಆಗ ಕಾರ್ಡಿನ ಮೇಲೆ ಸಂಶಯಪಡಬಹುದು. ಚಿತ್ರ ಸರಾಗವಾಗಿದ್ದು ವಸ್ತುಗಳು ಮಾತ್ರ ಹುಚ್ಚೆದ್ದರೆ ದೋಷ ಆಟದ ರಚನೆಯಲ್ಲಿದೆ. ಕೆಲವು ಆಟಗಳಲ್ಲಿ ಲೆಕ್ಕದ ಹೋಳನ್ನು ಚಿತ್ರದ ವೇಗಕ್ಕೇ ಗಂಟುಹಾಕಿರುತ್ತಾರೆ. ಅಂಥಲ್ಲಿ ಚಿತ್ರ ಸೆಕೆಂಡಿಗೆ ೧೫ಕ್ಕೆ ಇಳಿದರೆ ಅದೇ ಮೋಟಾರು ಸೈಕಲ್ಲು ಒಂದು ಹೆಜ್ಜೆಗೆ ೧ ಮೀಟರ್ ೩೩ ಸೆಂಟಿಮೀಟರ್ ನೆಗೆಯುತ್ತದೆ. ನಿಧಾನದ ಯಂತ್ರ ತೊಂದರೆ ಹೆಚ್ಚಿಸುವುದು ನಿಜ. ಆದರೆ ವೇಗದ ಯಂತ್ರವೂ ಕಾಡುವುದುಂಟು: ೨೦೧೧ರ ‘ಸ್ಕೈರಿಮ್’ ಆಟದಲ್ಲಿ ಚಿತ್ರಗಳು ಸೆಕೆಂಡಿಗೆ ೬೦ನ್ನು ಮೀರಿದರೆ ಮೇಜಿನ ಮೇಲಿನ ತಟ್ಟೆ ಬಟ್ಟಲುಗಳು ತಾವಾಗಿಯೇ ಚಿಮ್ಮುತ್ತಿದ್ದವು. ದುಡ್ಡು ಸುರಿದು ಒಳ್ಳೆಯ ಕಾರ್ಡು ತಂದವರಿಗೇ ಆ ಪಾಡು!

ಆದುದರಿಂದ ತರುಣರಿಗೆ ನಾನು ಹೇಳಿದುದು ಇಷ್ಟೆ: ಕಾರ್ಡು ಕೊಳ್ಳುವ ಮುಂಚೆ ಅದೇ ಡೆಮೋವನ್ನು ಹೊಸ ಯಂತ್ರವುಳ್ಳ ಸ್ನೇಹಿತರೊಬ್ಬರ ಮನೆಯಲ್ಲಿ ಆಡಿ ನೋಡಿ, ಅದೇ ಗೋಡೆಗೆ ಅದೇ ವೇಗದಲ್ಲಿ ಹೋಗಿ ಬಡಿಯಿರಿ. ಮುಂದಿನ ಭಾನುವಾರ ಅವರು ನಗುತ್ತಾ ಬಂದರು. ದ್ವಾರಕಾದ ಗೆಳೆಯರ ಮನೆಯಲ್ಲಿ ಚಿತ್ರವೇನೋ ಬಹಳ ಅಂದವಾಗಿ ಬಂದಿತಂತೆ. ಮೋಟಾರು ಸೈಕಲ್ಲು ಅದೇ ಗೋಡೆಯನ್ನು ಹೊಕ್ಕು, ಇನ್ನೂ ಸ್ವಲ್ಪ ಮೇಲಕ್ಕೆ ಹಾರಿತಂತೆ.