ತಿದ್ದಿ ಕಲಿ, ತಿದ್ದದೆ ಬರೆ

ಅಜ್ಜಿ ಸಾಣೆಕಲ್ಲಿನ ಮೇಲೆ ಗಂಧ ತೇಯುವುದನ್ನು ನೋಡಿದ್ದೀರಲ್ಲ, ಮಕ್ಕಳೇ? ಚೀನೀ ಅಕ್ಷರಕಲೆಯ ಪಾಠ ಹಳೇ ಕ್ರಮದಲ್ಲಿ ಶುರುವಾಗುವುದೂ ಹಾಗೆಯೇ. ಕಲ್ಲಿಗೆ ತುಸು ನೀರು ಹಾಕಿ ಮಸಿಯ ಕಡ್ಡಿಯನ್ನು ನಿಧಾನವಾಗಿ ತೇಯಬೇಕು. ಕುಂಚ, ಮಸಿ, ಕಾಗದ, ಕಲ್ಲು ಇವೇ ಚೀನೀಯರ ಓದುವ ಕೋಣೆಯ ನಾಲ್ಕು ನಿಧಿಗಳು. 2009ರಲ್ಲಿ ಯುನೆಸ್ಕೋ ಈ ಕಲೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಹೊಸಬರು ಕುಂಚವನ್ನು ನೆಟ್ಟಗೆ ಹಿಡಿದು, ಕೆಂಪಾಗಿ ಅಚ್ಚಾದ ಅಕ್ಷರಗಳ ಮೇಲೆ ಕಪ್ಪು ಮಸಿಯಿಂದ ತಿದ್ದುತ್ತಾರೆ. ನಮ್ಮ ತಾತಂದಿರು ಮರಳಿನಲ್ಲಿ ‘ಅ, ಆ’ ತಿದ್ದಿದ ಹಾಗೆ! ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂಬುದಕ್ಕೂ ನಿಯಮವಿದೆ. ‘ಯೋಂಗ್’ ಎಂಬ ಒಂದೇ ಅಕ್ಷರದಲ್ಲಿ ಎಂಟು ಬಗೆಯ ಮುಖ್ಯ ಗೆರೆಗಳಿವೆ. ಅದರ ಅರ್ಥ ‘ಎಂದೆಂದಿಗೂ’.

ಕಷ್ಟ ಬರುವುದು ಸ್ವಂತವಾಗಿ ಬರೆಯುವಾಗ. ಕೈ ತಡೆದರೆ ಕಾಗದದಲ್ಲಿ ಮಸಿ ಹರಡುತ್ತದೆ. ಗೆರೆ ಸೊಟ್ಟಗಾದರೆ ಅದರ ಮೇಲೆ ಮತ್ತೆ ಕುಂಚ ಆಡಿಸುವಂತಿಲ್ಲ, ರಬ್ಬರಿನಿಂದ ಅಳಿಸಲೂ ಆಗದು. ಹೊಸ ಹಾಳೆ ತೆಗೆದು ಮೊದಲಿನಿಂದ ಬರೆಯಬೇಕು.

ಚೀನಾದ ಪಾರ್ಕುಗಳಲ್ಲಿ ಅಜ್ಜಂದಿರು ದೊಡ್ಡ ಕುಂಚವನ್ನು ನೀರಿನಲ್ಲಿ ಅದ್ದಿ ನೆಲದ ಮೇಲೆ ಬರೆಯುತ್ತಾರೆ. ಸ್ವಲ್ಪ ಹೊತ್ತಿಗೆ ಅಕ್ಷರ ಆರಿಹೋಗುತ್ತದೆ. ವಿಜಯನಗರವಾಗಲಿ, ಕೆಂಗೇರಿಯಾಗಲಿ, ನಿಮ್ಮ ತಾರಸಿಯಲ್ಲೂ ಇದನ್ನು ಮಾಡಬಹುದು. ಒಂದು ಚೊಂಬು ನೀರು, ಒಂದು ಕುಂಚ ಇಟ್ಟುಕೊಂಡು ತಾತನನ್ನು ಕರೆಯಿರಿ. ‘ಅ’ ಬರೆಯುವಾಗ ಅವರ ಕೈ ಎಲ್ಲಿಂದ ಶುರುವಾಗುತ್ತದೆ, ನೋಡಿ.